ಅರ್ಧಕ್ಕೆ ನಿಂತ ತನಿಖೆ: ಲಂಡನ್ನಿನ ಫೋನ್ ಕದ್ದಾಲಿಕೆ ಪ್ರಕರಣ

2011ರ ಜುಲೈ 10, ಭಾನುವಾರ. ಇಂಗ್ಲೆಂಡಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯ ಕೊನೆಯ ಸಂಚಿಕೆ ಅಂದು ಹೊರಬಂತು. 1843ರಲ್ಲಿ ಹುಟ್ಟಿ 168 ವರ್ಷ ಬಾಳಿದ ಪತ್ರಿಕೆ ಅದು. ಓದುಗರಿಲ್ಲದೆ ಮುಚ್ಚಿದ್ದಲ್ಲ. ಕೊನೆಯ ದಿನಗಳಲ್ಲೂ ವಾರಕ್ಕೆ 25 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗುತ್ತಿದ್ದವು. ಅನ್ಯರ ಮೊಬೈಲ್ ಸಂದೇಶಗಳನ್ನು ಕದ್ದು ಕೇಳಿ ಸುದ್ದಿ ಮಾಡುತ್ತಿದ್ದುದು ಬಯಲಾಯಿತು, ಜನ ಛೀಮಾರಿ ಹಾಕಿದರು, ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಾಲೀಕರೇ ಬಾಗಿಲು ಮುಚ್ಚಿದರು.

ಮಾಲೀಕ ರೂಪರ್ಟ್ ಮುರ್ಡೋಕ್ ಹೆಸರು ಇಲ್ಲಿಯವರಿಗೂ ಅಪರಿಚಿತವಲ್ಲ. 1993ರಲ್ಲಿ ಸ್ಟಾರ್ ಟಿ.ವಿ.ಯನ್ನು ಕೊಂಡವರು ಇವರೇ. 2019ರಲ್ಲಿ ಡಿಸ್ನಿ ಕಂಪನಿಯ ಪಾಲಾಗುವವರೆಗೆ ಕನ್ನಡದ ‘ಸುವರ್ಣ’ ವಾಹಿನಿಯೂ ಕೆಲವು ವರ್ಷ ಇವರ ಬಳಗದಲ್ಲೇ ಇತ್ತು.

ಪತ್ರಿಕೆ ಮುಚ್ಚಿತು, ಕೆಲವರು ಜೈಲಿಗೂ ಹೋದರು, ಅಲ್ಲಿಗೆ ಕತೆ ಮುಗಿಯಿತೆಂದು ದೂರದಲ್ಲಿರುವವರು ತಿಳಿದಿದ್ದಾರೆ. ಇಂಗ್ಲೆಂಡಿನ ಜನಸಾಮಾನ್ಯರಿಗೆ ಹಾಗೆ ಅನ್ನಿಸಿಲ್ಲ. ಯಾರು ಮಾಡಿದರು, ಯಾರು ಮಾಡಿಸಿದರು, ಗೊತ್ತಿದ್ದೂ ಪೊಲೀಸರು ಏಕೆ ಸುಮ್ಮನಿದ್ದರು ಎಂಬ ಪ್ರಶ್ನೆಗಳನ್ನು ಹೊತ್ತು ತನಿಖೆಗಳು ಹೊರಟವು, ನಿಂತವು, ಮತ್ತೆ ಹೊರಟವು, ಮತ್ತೆ ನಿಂತವು. ತನಿಖೆಯೊಂದು ಹೀಗೆ ನಿಲ್ಲುವುದು ಹೇಗೆ? ಕಡತವನ್ನು ಯಾರೋ ಸುಟ್ಟುಹಾಕಿದರೆ ಮಾತ್ರ ನಿಲ್ಲುತ್ತದೆ ಎಂದೇನೂ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸ್ವಲ್ಪ ಚಿಕ್ಕದು ಮಾಡಿದರೆ ಸಾಕು. ಈ ಪ್ರಕರಣದಲ್ಲಿ ಮತ್ತೆ ಮತ್ತೆ ನಡೆದದ್ದು ಅದೇ.

ನಾಲ್ಕು ಅಂಕಿಯ ಬೀಗ

ಮೊದಲು ಕದ್ದಾಲಿಕೆ ಹೇಗೆ ನಡೆಯುತ್ತಿತ್ತೆಂದು ನೋಡೋಣ. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ.

ಇಂದಿನ ಮಕ್ಕಳಿಗೆ ‘ವಾಯ್ಸ್ ಮೇಲ್’ ಅಷ್ಟಾಗಿ ಬಳಕೆಯಲ್ಲಿಲ್ಲ. ಮೊಬೈಲ್ ಬಂದ ಹೊಸತರಲ್ಲಿ ನೀವು ಕರೆ ಮಾಡಿದವರು ಫೋನ್ ಎತ್ತದಿದ್ದರೆ, ನಿಮ್ಮ ಮಾತನ್ನು ಹೇಳಿ ಇಡುವ ಅನುಕೂಲವಿತ್ತು. ಆ ಮಾತು ಅವರ ಕೈಯಲ್ಲಿನ ಫೋನಿನಲ್ಲಿ ಉಳಿಯುತ್ತಿರಲಿಲ್ಲ. ಮೊಬೈಲ್ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಅಂಚೆ ಕಚೇರಿಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪೆಟ್ಟಿಗೆ ಇರುವಂತೆ. ಬೇರೆ ಯಾವುದೇ ಫೋನಿನಿಂದ ಆ ಪೆಟ್ಟಿಗೆಯನ್ನು ತೆರೆಯಬಹುದಿತ್ತು. ಅದಕ್ಕೆ ಬೇಕಾದದ್ದು ನಾಲ್ಕು ಅಂಕಿಯ ಒಂದು ಗುಪ್ತ ಸಂಖ್ಯೆ.

ನಾಲ್ಕು ಅಂಕಿ ಎಂದರೆ ಒಟ್ಟು 10,000 ಸಾಧ್ಯತೆಗಳು. ಒಂದೊಂದನ್ನೇ ಒತ್ತಿ ನೋಡುತ್ತ ಕೂರುವುದು ಕಷ್ಟವೇ. ಆದರೆ ಫೋನ್ ಕೊಡುವಾಗ ಕಂಪನಿ ತಾನೇ ಒಂದು ಸಂಖ್ಯೆಯನ್ನು ಇಟ್ಟು ಕೊಡುತ್ತಿತ್ತು, ಎಲ್ಲ ಗ್ರಾಹಕರಿಗೂ ಒಂದೇ. ಬಹಳ ಜನ ಅದನ್ನು ಬದಲಿಸುವ ಗೋಜಿಗೇ ಹೋಗಲಿಲ್ಲ. ಹಾಗಾಗಿ 10,000 ಸಾಧ್ಯತೆ ಒಂದಕ್ಕೆ ಇಳಿಯುತ್ತಿತ್ತು! ಇನ್ನು ಉಳಿದದ್ದು, ಕರೆ ಮಾಡಿದಾಗ ಫೋನಿನ ಯಜಮಾನ ಎತ್ತದಂತೆ ನೋಡಿಕೊಳ್ಳುವುದು. ಅದಕ್ಕೆ ಇಬ್ಬರು ಬೇಕು. ಒಬ್ಬ ಕರೆ ಮಾಡಿ ಲೈನು ಹಿಡಿದುಕೊಂಡರೆ, ಅದೇ ಹೊತ್ತಿಗೆ ಇನ್ನೊಬ್ಬ ಮಾಡಿದ ಕರೆ ನೇರ ಸಂದೇಶಪೆಟ್ಟಿಗೆಗೆ ಹೋಗುತ್ತಿತ್ತು. ಗುಪ್ತ ಸಂಖ್ಯೆ ಬದಲಾಗಿದ್ದರೆ, ಕಂಪನಿಗೇ ಫೋನ್ ಮಾಡಿ, ತಾವು ಸಿಬ್ಬಂದಿಯೆಂದೋ ಗ್ರಾಹಕರೆಂದೋ ನಂಬಿಸಿ ಅದನ್ನು ಹಳೆಯದಕ್ಕೆ ತಿರುಗಿಸುತ್ತಿದ್ದರು. ಇಂದು ಯಾರೋ ಬ್ಯಾಂಕಿನವರೆಂದು ಹೇಳಿಕೊಂಡು ಒ.ಟಿ.ಪಿ. ಕೇಳುವುದಿಲ್ಲವೇ, ಅದೇ ಜಾತಿಯ ವಿದ್ಯೆ.

ಎಂಟು ಹೆಸರು, 11,000 ಹಾಳೆ

2005ರ ನವೆಂಬರ್‌ನಲ್ಲಿ ಪತ್ರಿಕೆ ರಾಜಕುಮಾರ ವಿಲಿಯಂ ಅವರ ಮೊಣಕಾಲು ನೋವಿನ ಬಗ್ಗೆ ಸಣ್ಣ ಸುದ್ದಿಯೊಂದನ್ನು ಹಾಕಿತು. ಅದು ಅರಮನೆಯ ನಾಲ್ಕಾರು ಜನಕ್ಕಷ್ಟೇ ಗೊತ್ತಿದ್ದ ವಿಷಯ. ಸಿಬ್ಬಂದಿಗೆ ಅನುಮಾನ ಬಂದು ಪೊಲೀಸರಿಗೆ ದೂರು ಹೋಯಿತು. 2006ರ ಆಗಸ್ಟ್ 8ರಂದು ಪತ್ರಿಕೆಯ ರಾಜಮನೆತನದ ಸಂಪಾದಕ ಕ್ಲೈವ್ ಗುಡ್‌ಮನ್ ಮತ್ತು ಖಾಸಗಿ ಪತ್ತೇದಾರ ಗ್ಲೆನ್ ಮಲ್ಕೇರ್ ಬಂಧನವಾಯಿತು. ಪತ್ತೇದಾರನ ಕಡೆಯಿಂದ ಸುಮಾರು 11,000 ಪುಟಗಳ ಕೈಬರಹದ ಟಿಪ್ಪಣಿಗಳು ಸಿಕ್ಕವು. 2007ರ ಜನವರಿಯಲ್ಲಿ ಗುಡ್‌ಮನ್‌ಗೆ ನಾಲ್ಕು ತಿಂಗಳು, ಮಲ್ಕೇರ್‌ಗೆ ಆರು ತಿಂಗಳು ಜೈಲಾಯಿತು. ಸಂಪಾದಕ ಆಂಡಿ ಕೌಲ್ಸನ್ ತನಗೇನೂ ಗೊತ್ತಿರಲಿಲ್ಲವೆಂದು ಹೇಳಿ ರಾಜೀನಾಮೆ ಕೊಟ್ಟರು. ದಾರಿ ತಪ್ಪಿದ ಒಬ್ಬ ವರದಿಗಾರನ ಕೆಲಸ ಇದು, ಎಂದಿತು ಕಂಪನಿ.

ನ್ಯಾಯಾಲಯದಲ್ಲಿ ಹೆಸರಿಸಿದ ಸಂತ್ರಸ್ತರು ಎಂಟೇ ಜನ. ಮೂವರು ಅರಮನೆಯವರು, ಉಳಿದ ಐವರಲ್ಲಿ ಒಬ್ಬರು ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘದ ಮುಖ್ಯಸ್ಥ ಗಾರ್ಡನ್ ಟೇಲರ್. ಇಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ರಾಜಮನೆತನದ ಸುದ್ದಿ ಬರೆಯುವವನಿಗೆ ಫುಟ್‌ಬಾಲ್ ಸಂಘದವರ ಫೋನಿನಲ್ಲಿ ಏನು ಕೆಲಸ? ಆ ಐವರ ವಿಷಯದಲ್ಲಿ ತಪ್ಪೊಪ್ಪಿಕೊಂಡದ್ದು ಪತ್ತೇದಾರ ಮಾತ್ರ. ಹಾಗಾದರೆ ಅವನಿಗೆ ಆ ಕೆಲಸ ಹೇಳಿದವರು ಬೇರೆ ಯಾರೋ ಇರಲೇಬೇಕು. ಇದನ್ನು ಊಹಿಸಲು ಪೊಲೀಸ್ ತರಬೇತಿ ಬೇಕಿಲ್ಲ. ಆದರೂ ಆ 11,000 ಹಾಳೆಗಳು ಪೂರ್ತಿಯಾಗಿ ಓದಿಸಿಕೊಳ್ಳದೆ ಚೀಲಗಳಲ್ಲಿ ಉಳಿದವು.

ಪೊಲೀಸರ ಕಡೆಯಿಂದಲೂ ಒಂದು ಮಾತಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಈ ತನಿಖೆ ಬಿದ್ದದ್ದು ಭಯೋತ್ಪಾದನಾ ನಿಗ್ರಹ ವಿಭಾಗದ ಪಾಲಿಗೆ. ಬಂಧನವಾದ ಎರಡೇ ದಿನಕ್ಕೆ, 2006ರ ಆಗಸ್ಟ್ 10ರಂದು, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ದ್ರವರೂಪದ ಸ್ಫೋಟಕಗಳಿಂದ ಉಡಾಯಿಸುವ ಸಂಚು ಬಯಲಾಗಿತ್ತು. ಆ ವೇಳೆ ಅಂಥ ಸುಮಾರು 70 ಕಾರ್ಯಾಚರಣೆಗಳು ವಿಭಾಗದ ಕೈಯಲ್ಲಿದ್ದವು. ಪ್ರಾಣ ಉಳಿಸುವ ಕೆಲಸ ಮೊದಲು ಎಂದ ಹಿರಿಯ ಅಧಿಕಾರಿ ಪೀಟರ್ ಕ್ಲಾರ್ಕ್ ಮಾತನ್ನು ಯಾರೂ ತಳ್ಳಿಹಾಕಲಾರರು. ಆದರೆ ಅದು 2006ರ ಮಾತು. 2009ಕ್ಕೆ ಆ ಸಬೂಬು ಸಾಲದು.

ಪ್ರಶ್ನೆ ಚಿಕ್ಕದಾಗಲು ಇನ್ನೊಂದು ಕಾರಣ ಕಾನೂನಿನ ಒಂದು ಪದ. 2000ದ ಕಾಯ್ದೆಯ ಪ್ರಕಾರ ‘ರವಾನೆಯಲ್ಲಿರುವ’ ಸಂದೇಶವನ್ನು ಕದ್ದು ಕೇಳುವುದು ಅಪರಾಧ. ಸಂದೇಶದ ಯಜಮಾನ ಅದನ್ನು ಒಮ್ಮೆ ಕೇಳಿಬಿಟ್ಟರೆ ರವಾನೆ ಮುಗಿದಂತೆಯೇ? ಹೌದು ಎಂದಾದರೆ, ಯಜಮಾನನಿಗಿಂತ ಮೊದಲೇ ಕಳ್ಳ ಕೇಳಿದನೆಂದು ಪ್ರತಿಯೊಂದು ಸಂದೇಶಕ್ಕೂ ಸಾಬೀತು ಮಾಡಬೇಕು. ಪೊಲೀಸರು ಈ ಕಿರಿದಾದ ಅರ್ಥವನ್ನೇ ಹಿಡಿದುಕೊಂಡರು. ಸಂತ್ರಸ್ತರ ಪಟ್ಟಿ ತಾನಾಗಿ ಕುಗ್ಗಿತು. ಕೇಳಿದ ಮೇಲೆ ಉಳಿಸಿಕೊಂಡ ಸಂದೇಶಕ್ಕೂ ಕಾಯ್ದೆಯ ರಕ್ಷಣೆ ಇದೆ ಎಂದು ಮೇಲ್ಮನವಿ ನ್ಯಾಯಾಲಯ ಸ್ಪಷ್ಟಪಡಿಸಿದ್ದು 2013ರಲ್ಲಿ.

ಒಂದೇ ದಿನದಲ್ಲಿ ಮುಗಿದ ಪರಿಶೀಲನೆ

2009ರ ಜುಲೈಯಲ್ಲಿ ‘ಗಾರ್ಡಿಯನ್’ ಪತ್ರಿಕೆಯ ನಿಕ್ ಡೇವಿಸ್ ಒಂದು ವರದಿ ಬರೆದರು. ಗಾರ್ಡನ್ ಟೇಲರ್ ಮತ್ತು ಇತರ ಇಬ್ಬರ ಬಾಯಿ ಮುಚ್ಚಿಸಲು ಮುರ್ಡೋಕ್ ಬಳಗ 10 ಲಕ್ಷ ಪೌಂಡಿಗೂ ಹೆಚ್ಚು ಹಣ ತೆತ್ತಿದೆ ಎಂಬುದು ಅದರ ಸಾರಾಂಶ. ಒಬ್ಬ ವರದಿಗಾರನ ತಪ್ಪಿಗೆ ಇಷ್ಟು ಹಣ ಯಾರು ಕೊಡುತ್ತಾರೆ? ಪ್ರಕರಣವನ್ನು ಮರುಪರಿಶೀಲಿಸಲು ಪೊಲೀಸ್ ಅಧಿಕಾರಿ ಜಾನ್ ಯೇಟ್ಸ್ ಅವರಿಗೆ ಸೂಚನೆ ಹೋಯಿತು. ಅದೇ ದಿನ ಸಂಜೆಯೊಳಗೆ ಅವರು ಹೊರಬಂದು, ಹೊಸ ಸಾಕ್ಷ್ಯವಿಲ್ಲ, ಮತ್ತೆ ತನಿಖೆ ಬೇಕಿಲ್ಲ ಎಂದರು. 11,000 ಪುಟ, ಒಂದು ದಿನ! ಪತ್ರಿಕೆಗಳೇ ಕಟ್ಟಿಕೊಂಡಿದ್ದ ಪತ್ರಿಕಾ ದೂರು ಆಯೋಗವೂ ಅದೇ ವರ್ಷದ ನವೆಂಬರಿನಲ್ಲಿ ‘ಗಾರ್ಡಿಯನ್’ ಮಾತಿಗೆ ಆಧಾರ ಕಾಣೆವೆಂದಿತು. ಆ ವರದಿಯನ್ನು ಮುಂದೆ ಹಿಂತೆಗೆದುಕೊಳ್ಳಬೇಕಾಯಿತು. ಇತ್ತ ರಾಜೀನಾಮೆ ಕೊಟ್ಟಿದ್ದ ಕೌಲ್ಸನ್, 2010ರ ಮೇ ತಿಂಗಳಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಕಚೇರಿಯ ಮಾಧ್ಯಮ ಮುಖ್ಯಸ್ಥರಾಗಿ ಕುಳಿತರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಜನ ಕೇಳಿದ್ದರೆ ಅದು ತಪ್ಪೇ?

2011ರ ಜನವರಿಯಲ್ಲಿ ಕೌಲ್ಸನ್ ಆ ಹುದ್ದೆಯನ್ನೂ ಬಿಟ್ಟರು. ಅದೇ ತಿಂಗಳು ಪೊಲೀಸರು ‘ಆಪರೇಷನ್ ವೀಟಿಂಗ್’ ಹೆಸರಿನಲ್ಲಿ ಹೊಸ ತನಿಖೆ ಆರಂಭಿಸಿದರು. ಈ ಬಾರಿ ಹಾಳೆಗಳನ್ನು ನಿಜವಾಗಿ ಓದಿದರು. ಸಿಕ್ಕ ಹೆಸರುಗಳು ಎಂಟಲ್ಲ, 5,795. ಪತ್ತೇದಾರನಿಗೆ ಒಂದು ಅಭ್ಯಾಸವಿತ್ತು: ಕೆಲಸ ಒಪ್ಪಿಸಿದವರ ಹೆಸರನ್ನು ಹಾಳೆಯ ಮೂಲೆಯಲ್ಲಿ ಬರೆದಿಡುತ್ತಿದ್ದ. ಓದಲು ಸಿಗುವಂಥ ಮೂಲೆಯ ಹೆಸರುಗಳು 28, ಒಪ್ಪಿಸಿದ ಕೆಲಸಗಳು 2,266. ‘ಒಬ್ಬನೇ ವರದಿಗಾರ’ ಎಂಬ ಮಾತಿಗೆ ಉತ್ತರ ಆರಂಭದಿಂದಲೂ ಪೊಲೀಸರ ಚೀಲದಲ್ಲೇ ಇತ್ತು.

ಬಾಲಕಿಯ ಫೋನು

ಇಷ್ಟೆಲ್ಲ ಆದರೂ ಜನ ರೊಚ್ಚಿಗೆದ್ದಿರಲಿಲ್ಲ. ನಟರು, ಆಟಗಾರರು, ಅರಮನೆಯವರು, ದೊಡ್ಡವರ ವಿಷಯ, ನಮಗೇಕೆ ಎಂಬ ಉದಾಸೀನವಿತ್ತು. 2011ರ ಜುಲೈ 4ರಂದು ಅದು ಹೊರಟುಹೋಯಿತು.

ಮಿಲ್ಲಿ ಡೌಲರ್ ಎಂಬ 13 ವರ್ಷದ ಬಾಲಕಿ 2002ರ ಮಾರ್ಚ್ 21ರಂದು ಶಾಲೆಯಿಂದ ಮನೆಗೆ ಬರುವಾಗ ಸರ್ರೆ ಜಿಲ್ಲೆಯ ವಾಲ್ಟನ್‌ನಲ್ಲಿ ಕಾಣೆಯಾದಳು. ತಂದೆತಾಯಿ ಕಾಯುತ್ತಿದ್ದರು, ಪೊಲೀಸರು ಹುಡುಕುತ್ತಿದ್ದರು. ಅದೇ ದಿನಗಳಲ್ಲಿ ಅವಳ ಫೋನಿನ ಸಂದೇಶಪೆಟ್ಟಿಗೆಯನ್ನು ‘ನ್ಯೂಸ್ ಆಫ್ ದಿ ವರ್ಲ್ಡ್’ ಕಡೆಯವರು ತೆರೆದು ಕೇಳಿದ್ದರು. ಸೆಪ್ಟೆಂಬರಿನಲ್ಲಿ ಅವಳ ಶವ ಸಿಕ್ಕಿತು. ಒಂಬತ್ತು ವರ್ಷದ ನಂತರ ‘ಗಾರ್ಡಿಯನ್’ ಈ ವಿಷಯ ಹೊರಗೆಡವಿದಾಗ, ಮಕ್ಕಳಿರುವ ಪ್ರತಿ ಮನೆಯಲ್ಲೂ ಅದು ಮಾತಾಯಿತು. ಆರು ದಿನದಲ್ಲಿ ಪತ್ರಿಕೆ ಇಲ್ಲವಾಯಿತು. ಇನ್ನೊಂದು ವಾರದಲ್ಲಿ ಲಂಡನ್ ಪೊಲೀಸ್ ಕಮಿಷನರ್ ಪಾಲ್ ಸ್ಟೀಫನ್‌ಸನ್ ರಾಜೀನಾಮೆ, ಮರುದಿನ ಯೇಟ್ಸ್ ರಾಜೀನಾಮೆ.

ಈ ವರದಿಯ ಒಂದು ಅಂಶ ಸರಿಯಿರಲಿಲ್ಲವೆಂಬುದನ್ನೂ ಹೇಳಬೇಕು. ಪತ್ರಿಕೆಯವರು ಸಂದೇಶಗಳನ್ನು ಅಳಿಸಿದ್ದರಿಂದ ಪೆಟ್ಟಿಗೆ ಖಾಲಿಯಾಗಿ, ಮಗಳು ಬದುಕಿದ್ದಾಳೆಂದು ತಾಯಿಗೆ ಸುಳ್ಳು ಆಸೆ ಹುಟ್ಟಿತೆಂದು ಮೊದಲು ಬರೆಯಲಾಗಿತ್ತು. ಒಮ್ಮೆ ಕೇಳಿದ ಸಂದೇಶಗಳು 72 ಗಂಟೆಗಳ ನಂತರ ತಾವಾಗಿ ಅಳಿಯುವ ಏರ್ಪಾಡು ಇತ್ತೆಂದು ಆಮೇಲೆ ತಿಳಿಯಿತು. ಆ ದಿನದ ಅಳಿಸುವಿಕೆಗೆ ಪತ್ರಿಕೆಯವರು ಕಾರಣರಾಗಿರುವ ಸಂಭವ ಕಡಿಮೆಯೆಂದು ತಿಳಿದು, 2011ರ ಡಿಸೆಂಬರಿನಲ್ಲಿ ‘ಗಾರ್ಡಿಯನ್’ ತಿದ್ದುಪಡಿ ಪ್ರಕಟಿಸಿತು. ಕದ್ದು ಕೇಳಿದ್ದು ಮಾತ್ರ ನಿಜವೇ.

ಇದಕ್ಕಿಂತ ನೋಯಿಸುವ ಸಂಗತಿ ಬೇರೆ ಇದೆ. 2002ರ ಏಪ್ರಿಲ್‌ನಲ್ಲೇ ಪತ್ರಿಕೆಯವರು ಸರ್ರೆ ಪೊಲೀಸರ ಬಳಿ ಹೋಗಿ, ಬಾಲಕಿಯ ಫೋನಿನ ಸಂದೇಶ ತಮ್ಮಲ್ಲಿದೆ ಎಂದು ತಾವೇ ಹೇಳಿದ್ದರು! ಏಪ್ರಿಲ್ 14ರ ಸಂಚಿಕೆಯಲ್ಲಿ ಅದನ್ನು ಅಚ್ಚು ಕೂಡ ಮಾಡಿದ್ದರು. ಯಾರ ಮೇಲೂ ಕ್ರಮವಾಗಲಿಲ್ಲ. ಸರ್ರೆ ಪೊಲೀಸರಲ್ಲಿ ಎಲ್ಲ ಮಟ್ಟದಲ್ಲೂ ವಿಷಯ ಗೊತ್ತಿತ್ತು, ಆದರೆ ಹಿರಿಯರೆಲ್ಲ ಒಟ್ಟಾಗಿ ಮರೆತವರಂತೆ ಕಂಡರು ಎಂಬ ಅರ್ಥದ ಮಾತನ್ನು ಪೊಲೀಸ್ ದೂರುಗಳ ಸ್ವತಂತ್ರ ಆಯೋಗ 2013ರಲ್ಲಿ ಬರೆಯಿತು.

ಬಾರದೆ ಹೋದ ಎರಡನೆಯ ಭಾಗ

ಜನರ ಸಿಟ್ಟು ನೋಡಿ ಪ್ರಧಾನಿ ಕ್ಯಾಮರೂನ್ 2011ರ ಜುಲೈನಲ್ಲೇ ನ್ಯಾಯಮೂರ್ತಿ ಬ್ರಯಾನ್ ಲೆವೆಸನ್ ನೇತೃತ್ವದ ವಿಚಾರಣೆ ಘೋಷಿಸಿದರು. ಅದಕ್ಕೆ ಎರಡು ಭಾಗ. ಪತ್ರಿಕೆಗಳ ನಡವಳಿಕೆ, ನೀತಿ ಹೇಗಿರಬೇಕೆಂಬುದು ಮೊದಲನೆಯದು. ಯಾರು ಏನು ಮಾಡಿದರು, ಪೊಲೀಸರು ಏಕೆ ಕೈಕಟ್ಟಿ ಕುಳಿತರು ಎಂಬುದು ಎರಡನೆಯದು. ಕ್ರಿಮಿನಲ್ ಮೊಕದ್ದಮೆಗಳಿಗೆ ತೊಂದರೆಯಾಗಬಾರದೆಂದು ಎರಡನೆಯದನ್ನು ಮುಂದಕ್ಕೆ ಹಾಕಿದರು. ಅದು ಸರಿಯಾದ ಕಾರಣವೇ. ಸುಮಾರು 2,000 ಪುಟಗಳ ಮೊದಲ ವರದಿ 2012ರ ನವೆಂಬರ್ 29ರಂದು ಬಂತು. ಎರಡನೆಯದೂ ನಡೆಯುತ್ತದೆಂದು ಸರ್ಕಾರ ಭರವಸೆ ಕೊಟ್ಟಿತು.

ಮೊಕದ್ದಮೆಗಳು ನಡೆದವು. ಎಂಟು ತಿಂಗಳ ವಿಚಾರಣೆಯ ನಂತರ 2014ರಲ್ಲಿ ಕೌಲ್ಸನ್ ತಪ್ಪಿತಸ್ಥರೆಂದು ಸಾಬೀತಾಗಿ 18 ತಿಂಗಳ ಶಿಕ್ಷೆಯಾಯಿತು. ಅವರಿಗಿಂತ ಮೊದಲು ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ ಎಲ್ಲ ಆರೋಪಗಳಿಂದ ಮುಕ್ತರಾದರು, 2015ರಲ್ಲಿ ಅದೇ ಬಳಗದ ಬ್ರಿಟಿಷ್ ಕಂಪನಿಯ ಮುಖ್ಯಸ್ಥರಾಗಿ ಮರಳಿದರು. ಇನ್ನು ಕಂಪನಿಯ ಮೇಲೇ ಮೊಕದ್ದಮೆ? ಇಂಗ್ಲೆಂಡಿನ ಆಗಿನ ಕಾನೂನಿನಂತೆ, ಕಂಪನಿಯನ್ನು ನಡೆಸುವ ‘ಮನಸ್ಸು’ ಎನ್ನಬಹುದಾದ ಅತಿ ಮೇಲಿನವರ ತಪ್ಪು ಸಾಬೀತಾದರೆ ಮಾತ್ರ ಕಂಪನಿ ಅಪರಾಧಿ. ಚಿಕ್ಕ ಅಂಗಡಿಯಲ್ಲಿ ಯಜಮಾನನೇ ಎಲ್ಲ ಮಾಡುತ್ತಾನೆ, ಸುಲಭವಾಗಿ ಸಿಗುತ್ತಾನೆ. ಮಹಡಿ ಮೇಲೆ ಮಹಡಿಯಿರುವ ಸಂಸ್ಥೆಯಲ್ಲಿ ಮೇಲಿನವನವರೆಗೆ ಸಾಕ್ಷ್ಯ ಏರುವುದೇ ಇಲ್ಲ. 2015ರ ಡಿಸೆಂಬರಿನಲ್ಲಿ ಸರ್ಕಾರಿ ಅಭಿಯೋಜಕರು ಕಂಪನಿಯ ಮೇಲೆ ಮೊಕದ್ದಮೆ ಹೂಡಲು ಸಾಕಷ್ಟು ಸಾಕ್ಷ್ಯವಿಲ್ಲವೆಂದರು. ಪ್ರತಿಸ್ಪರ್ಧಿಯಾದ ‘ಮಿರರ್’ ಬಳಗದ ಹತ್ತು ಜನರ ಮೇಲಿನ ಕ್ರಮವನ್ನೂ ಅದೇ ದಿನ ಕೈಬಿಟ್ಟರು. ಮುಂದೆ 2023ರ ಡಿಸೆಂಬರಿನಲ್ಲಿ ರಾಜಕುಮಾರ ಹ್ಯಾರಿ ಹೂಡಿದ ಸಿವಿಲ್ ದಾವೆಯಲ್ಲಿ ‘ಮಿರರ್’ ಪತ್ರಿಕೆಗಳಲ್ಲೂ ಕದ್ದಾಲಿಕೆ ವ್ಯಾಪಕವಾಗಿ ನಡೆದಿತ್ತೆಂದು ನ್ಯಾಯಾಲಯ ತೀರ್ಮಾನಿಸಿ 1,40,600 ಪೌಂಡ್ ಪರಿಹಾರ ಕೊಡಿಸಿತು.

ಮೊಕದ್ದಮೆಗಳು ಮುಗಿದ ಮೇಲೆ ಎರಡನೆಯ ಭಾಗ ಆರಂಭವಾಗಬೇಕಿತ್ತಲ್ಲ. ಅದರ ಬದಲು ಸರ್ಕಾರ 2016ರ ನವೆಂಬರಿನಲ್ಲಿ, ಅದು ಬೇಕೇ ಬೇಡವೇ ಎಂದು ಸಾರ್ವಜನಿಕರನ್ನು ಕೇಳಿತು. 1,70,000ಕ್ಕೂ ಹೆಚ್ಚು ಉತ್ತರಗಳು ಬಂದವು, ಅವುಗಳಲ್ಲಿ ‘ಬೇಡ’ ಎಂದವರೇ ಹೆಚ್ಚು. ಆದರೆ ಈ ಲೆಕ್ಕವನ್ನು ಗಣಿತದ ಕಣ್ಣಿನಿಂದ ನೋಡಬೇಕು. ಬೇಡವೆಂದು ಬರೆಯಿರಿ ಎಂದು ತಮ್ಮ ಓದುಗರನ್ನು ಹುರಿದುಂಬಿಸಿದ್ದು ದೊಡ್ಡ ಪತ್ರಿಕೆಗಳೇ. ‘ಬೇಕು’ ಎಂದು ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಅರ್ಜಿಯನ್ನು ಆ ಎಣಿಕೆಯಿಂದ ಹೊರಗಿಟ್ಟರು. ತಾವಾಗಿ ಮುಂದೆ ಬಂದು ಉತ್ತರಿಸುವವರನ್ನು ಮಾತ್ರ ಎಣಿಸಿದರೆ ಊರಿನ ಅಭಿಪ್ರಾಯ ತಿಳಿಯುವುದಿಲ್ಲ. ಯಾರು ಯಾರನ್ನು ಕರೆತಂದರೆಂಬುದು ತಿಳಿಯುತ್ತದೆ, ಅಷ್ಟೆ.

2018ರ ಮಾರ್ಚ್ 1ರಂದು ಸಚಿವ ಮ್ಯಾಟ್ ಹ್ಯಾನ್‌ಕಾಕ್ ಎರಡನೆಯ ಭಾಗವನ್ನು ರದ್ದು ಮಾಡಿದರು. ಆಗಲೇ ಪೊಲೀಸ್ ತನಿಖೆ ಮತ್ತು ವಿಚಾರಣೆಗೆ ಸುಮಾರು 4 ಕೋಟಿ 80 ಲಕ್ಷ ಪೌಂಡ್ ಖರ್ಚಾಗಿದೆ, ಕಾಲ ಬದಲಾಗಿದೆ, ಪತ್ರಿಕೆಗಳೇ ಉಳಿಯುವುದು ಕಷ್ಟವಾಗಿದೆ ಎಂಬ ಕಾರಣ ಕೊಟ್ಟರು. ಸಣ್ಣ ಊರಿನ ಪತ್ರಿಕೆಗಳ ಕಷ್ಟ ಸುಳ್ಳಲ್ಲ. ಆದರೆ ಹಳೆಯ ತಪ್ಪು ಯಾರದೆಂದು ಹುಡುಕುವುದಕ್ಕೂ ಅದಕ್ಕೂ ಏನು ಸಂಬಂಧ? ಸ್ವತಃ ಲೆವೆಸನ್ ಈ ನಿರ್ಧಾರವನ್ನು ತಾವು ಒಪ್ಪುವುದಿಲ್ಲವೆಂದು ಸರ್ಕಾರಕ್ಕೆ ಬರೆದರು. ಅದೇ ವರ್ಷದ ಮೇ 9ರಂದು ವಿಷಯ ಸಂಸತ್ತಿನ ಕೆಳಮನೆಯಲ್ಲಿ ಮತಕ್ಕೆ ಬಂತು. ವಿಚಾರಣೆ ಬೇಕೆಂದವರು 295, ಬೇಡವೆಂದವರು 304. ಒಂಬತ್ತು ಮತಗಳ ಅಂತರ.

ಪತ್ರಿಕೆ ಮತ್ತು ಪೊಲೀಸರ ಒಳಸಂಬಂಧ ಎಷ್ಟು ಹಳೆಯದೆಂದು ತೋರಿಸಲು ಒಂದು ಉದಾಹರಣೆ ಸಾಕು. ಡೇನಿಯಲ್ ಮಾರ್ಗನ್ ಎಂಬ ಖಾಸಗಿ ಪತ್ತೇದಾರ 1987ರ ಮಾರ್ಚ್ 10ರಂದು ಲಂಡನ್ನಿನಲ್ಲಿ ಕೊಲೆಯಾದ. ಹಲವು ಬಾರಿ ಪೊಲೀಸ್ ತನಿಖೆಯಾದರೂ ಯಾರಿಗೂ ಶಿಕ್ಷೆಯಾಗಿಲ್ಲ. 2002ರಲ್ಲಿ ಈ ಕೊಲೆಯ ಮರುತನಿಖೆಯಲ್ಲಿದ್ದ ಪೊಲೀಸ್ ಅಧಿಕಾರಿಯನ್ನೇ ‘ನ್ಯೂಸ್ ಆಫ್ ದಿ ವರ್ಲ್ಡ್’ ಹಿಂಬಾಲಿಸಿ ಕಣ್ಣಿಟ್ಟಿತ್ತು. ಮಾರ್ಗನ್‌ನ ಅಣ್ಣ ಅಲಾಸ್ಟೇರ್ ಮೂವತ್ತು ವರ್ಷಕ್ಕೂ ಮಿಕ್ಕಿ ಕಚೇರಿಯಿಂದ ಕಚೇರಿಗೆ ಅಲೆದರು. 2021ರ ಜೂನ್‌ನಲ್ಲಿ ಸ್ವತಂತ್ರ ಸಮಿತಿಯೊಂದು, ಲಂಡನ್ ಪೊಲೀಸರು ತಮ್ಮ ಹೆಸರು ಕಾಪಾಡಿಕೊಳ್ಳಲು ಸತ್ಯ ಮುಚ್ಚಿಟ್ಟದ್ದು ಸಂಸ್ಥೆಯ ಮಟ್ಟದ ಭ್ರಷ್ಟಾಚಾರವೆಂದು ಬರೆಯಿತು.

ಉಳಿದದ್ದು ಸಿವಿಲ್ ನ್ಯಾಯಾಲಯದ ದಾರಿ. ಅಲ್ಲಿ ಇನ್ನೊಂದು ತೊಡಕು. ಎದುರು ಪಕ್ಷ ದೊಡ್ಡ ಮೊತ್ತದ ರಾಜಿ ಮುಂದಿಟ್ಟಾಗ ನೀವು ಒಪ್ಪದೆ ಹೋಗಿ, ಕೊನೆಗೆ ನ್ಯಾಯಾಧೀಶರು ಅದಕ್ಕಿಂತ ಕಡಿಮೆ ಪರಿಹಾರ ಕೊಟ್ಟರೆ, ಗೆದ್ದರೂ ಎರಡೂ ಕಡೆಯ ವಕೀಲರ ಖರ್ಚು ನಿಮ್ಮ ತಲೆಗೆ ಬರಬಹುದು. ನಟ ಹ್ಯೂ ಗ್ರಾಂಟ್ 2024ರ ಏಪ್ರಿಲ್‌ನಲ್ಲಿ ಇದೇ ಕಾರಣಕ್ಕೆ ರಾಜಿಯಾದರು. ಒಪ್ಪದಿದ್ದರೆ ಸುಮಾರು ಒಂದು ಕೋಟಿ ಪೌಂಡ್ ತಾನು ತೆರಬೇಕಾಗಬಹುದಿತ್ತು ಎಂದರು. ಕೋಟ್ಯಧಿಪತಿಗೇ ಈ ಗತಿಯಾದರೆ ಸಾಮಾನ್ಯನ ಪಾಡೇನು? 2025ರ ಜನವರಿ 22ರಂದು ರಾಜಕುಮಾರ ಹ್ಯಾರಿ ಮತ್ತು ಮಾಜಿ ಸಂಸದ ಟಾಮ್ ವಾಟ್ಸನ್ ದಾವೆಯೂ ವಿಚಾರಣೆ ಶುರುವಾಗುವ ಹೊಸ್ತಿಲಲ್ಲೇ ರಾಜಿಯಲ್ಲಿ ಮುಗಿಯಿತು. ಕಂಪನಿ ಭಾರಿ ಪರಿಹಾರ ಕೊಟ್ಟು ಕ್ಷಮೆ ಕೇಳಿತು. ಅದೇ ಬಳಗದ ‘ಸನ್’ ಪತ್ರಿಕೆಗಾಗಿ ಕೆಲಸ ಮಾಡಿದ ಖಾಸಗಿ ಪತ್ತೇದಾರರು ಕಾನೂನುಬಾಹಿರ ಕೆಲಸ ಮಾಡಿದ್ದರೆಂದು ಮೊದಲ ಬಾರಿಗೆ ಒಪ್ಪಿಕೊಂಡಿತು. ಆದರೆ ಸಾಕ್ಷಿಕಟ್ಟೆಗೆ ಯಾರೂ ಹತ್ತಲಿಲ್ಲ, ಪಾಟೀಸವಾಲು ನಡೆಯಲಿಲ್ಲ. ಸಾಕ್ಷ್ಯಗಳನ್ನು ಪೊಲೀಸರಿಗೆ ಒಪ್ಪಿಸುವುದಾಗಿ ವಾಟ್ಸನ್ ನ್ಯಾಯಾಲಯದ ಹೊರಗೆ ನಿಂತು ಹೇಳಿದರು.

2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರವೂ ಎರಡನೆಯ ಭಾಗಕ್ಕೆ ಮತ್ತೆ ಜೀವ ಕೊಡುವ ಮನಸ್ಸು ತೋರಲಿಲ್ಲ. ಪೊಲೀಸರಿಗೆ ಲಂಚ ಹೋಗಿತ್ತೇ, ಕಂಪನಿಯ ಆಡಳಿತ ಎಲ್ಲಿ ತಪ್ಪಿತು, ತನಿಖೆ ನಿಲ್ಲುವಲ್ಲಿ ರಾಜಕಾರಣಿಗಳ ಪಾತ್ರವೇನು ಎಂಬ ಪ್ರಶ್ನೆಗಳು ಅದರ ಕಾರ್ಯಸೂಚಿಯಲ್ಲಿದ್ದವು. ಆ ಕಾರ್ಯಸೂಚಿ 2012ರ ವರದಿಯಲ್ಲಿ ಅಚ್ಚಾಗಿ, ಹಾಗೆಯೇ ಇದೆ.